ಒಳಗೆ ನಿಂತವಳು

ಬಟಾಣಿಯ ಹಣೆಗೂದಲು ಕತ್ತರಿಸಿ ಹನ್ನೊಂದು ತಿಂಗಳಾಗಿತ್ತು. ಇದು ಅವಳ ತಾಯಿಗೆ ಹೊಳೆದದ್ದು ಪಾರ್ಲರಿನಲ್ಲಿ, ಇನ್ಯಾರದೋ ಮಗಳ ತಲೆಗೆ ಕತ್ತರಿ ಹಾಕುತ್ತಿದ್ದಾಗ. ಬೀದಿಯ ಅರ್ಧ ಹೆಂಗಸರ ಕೂದಲು ಎಷ್ಟು ವಾರಕ್ಕೆ ಎಷ್ಟು ಬೆಳೆಯುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲವಳಿಗೆ ಸ್ವಂತ ಮಗಳದ್ದು ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಮನೆಗೆ ಬಂದವಳೇ ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದಳು. ಕೂದಲು ಹುಬ್ಬಿನಿಂದ ಒಂದು ಬೆರಳು ಮೇಲೆ, ತಾನು ಕತ್ತರಿಸಿದ ಹಾಗೆಯೇ ಇತ್ತು. ಎಡಗಡೆ ಕೈತಪ್ಪಿ ಓರೆಯಾದದ್ದೂ ಹಾಗೆಯೇ. ಉಗುರು ತೆಗೆದದ್ದು ಯಾವಾಗ? ನೆನಪಾಗಲಿಲ್ಲ. ಮೇಲಿನ ಹೊಸ ಹಲ್ಲು ಅರ್ಧ ಬಂದು ನಿಂತಿತ್ತು. ಅದು ಅರ್ಧ ಬಂದದ್ದು ಹೋದ ವರ್ಷ.

ಡಾಕ್ಟರು ರಕ್ತ ತೆಗೆಸಿದರು, ಮೂಳೆಯ ಚಿತ್ರ ತೆಗೆಸಿದರು. "ಏನೂ ಇಲ್ಲಮ್ಮ. ಕೆಲವು ಮಕ್ಕಳು ನಿಧಾನ."

"ನಿಧಾನ ಅಲ್ಲ ಡಾಕ್ಟ್ರೆ, ನಿಂತೇ ಹೋಗಿದೆ."

"ನಿಲ್ಲೋಕೆ ಅವಳೇನು ಗಡಿಯಾರಾನಾ?" ಎಂದು ಅವರು ಮುಂದಿನ ಚೀಟಿ ಕರೆದರು.

ಶಾಲೆಯ ಟೀಚರ್ ಹೇಳಿದ್ದು ಇನ್ನೂ ಕೆಟ್ಟದಾಗಿತ್ತು. "ಹೋದ ವರ್ಷದ ಪಾಠ ನಿದ್ದೇಲಿ ಕೇಳಿದ್ರೂ ಹೇಳ್ತಾಳೆ. ಈ ವರ್ಷದ್ದು ಒಂದಕ್ಷರ ಹತ್ತಿಲ್ಲ. ಜೊತೆಯ ಹುಡುಗೀರು ಇವಳನ್ನ ಸೇರಿಸಿಕೊಳ್ತಿಲ್ಲ, ಒಂದನೇ ತರಗತಿಯವರ ಜೊತೆ ಮಣ್ಣಾಡ್ತಾಳೆ. ಹೀಗೇ ಆದ್ರೆ ಕೆಳಗಿನ ತರಗತಿಗೆ ಹಾಕಬೇಕಾಗುತ್ತೆ. ಬರೋ ವರ್ಷಾನೂ ಅಲ್ಲೇ."

ಆ ಸಂಜೆ ತಲೆ ಬಾಚುತ್ತ ತಾಯಿ ಕೇಳಿದಳು, "ಏನಾಗಿದೆಯೇ ನಿಂಗೆ?"

"ಕಡ್ಡಿ ರಿಲೀಸ್ ಮಾಡಿಲ್ಲ."

ಕಡ್ಡಿ ಎಂದರೆ ಮೇಲಿನ ಮನೆಯಲ್ಲಿದ್ದ ಹುಡುಗಿ, ಒಂದೂವರೆ ವರ್ಷ ದೊಡ್ಡವಳು. ಇಬ್ಬರೂ ಕಿರುಬೆರಳು ಹೆಣೆದು ಸ್ಟ್ಯಾಚು ಕಟ್ಟಿಕೊಂಡಿದ್ದರು. ಒಮ್ಮೆ ಕಟ್ಟಿಕೊಂಡರೆ ಯಾವಾಗ ಬೇಕಾದರೂ ಒಬ್ಬಳು 'ಸ್ಟ್ಯಾಚು' ಅನ್ನಬಹುದು, ಇನ್ನೊಬ್ಬಳು ಇದ್ದ ಹಾಗೇ ನಿಲ್ಲಬೇಕು. ಅಂದವಳೇ ಬಿಡಿಸಬೇಕು. ಹನ್ನೊಂದು ತಿಂಗಳ ಹಿಂದೆ ಕಡ್ಡಿಯ ಮನೆಯವರು ಸಾಮಾನು ಹೇರಿಕೊಂಡು ಬೇರೆ ಬಡಾವಣೆಗೆ ಹೊರಟ ದಿನ, ಲಾರಿ ಕದಲುವಾಗ ಅವಳು ಮುಂದಿನ ಸೀಟಿನಿಂದ 'ಸ್ಟ್ಯಾಚು' ಎಂದು ಕೂಗಿದ್ದಳು. ಬಟಾಣಿ ಟಾಟಾ ಮಾಡುತ್ತಿದ್ದ ಕೈ ಇಳಿಸದೆ ರಸ್ತೆಯಲ್ಲೇ ನಿಂತಿದ್ದಳು. ರೆಟ್ಟೆ ಹಿಡಿದು ಎಳೆದುಕೊಂಡು ಬಂದದ್ದು ತಾಯಿಯೇ.

"ಮತ್ತೆ ಓಡಾಡ್ತೀಯಲ್ಲೇ!"

"ನೀನು ಬೈತೀಯ ಅಂತ ಹೊರಗಡೆ ಓಡಾಡ್ತೀನಿ. ಒಳಗಡೆ ನಿಂತಿದೀನಿ. ಮೋಸ ಮಾಡಬಾರದಲ್ಲಮ್ಮ."

ತಾಯಿ ನಗಲು ಬಾಯಿ ತೆರೆದಳು. ಈ ಮಾತು ಶುರುವಾದಾಗಿನಿಂದ ಮಗಳು ಒಮ್ಮೆಯೂ ರೆಪ್ಪೆ ಬಡಿದಿರಲಿಲ್ಲ. ತಾಯಿ ಬಾಚಣಿಗೆ ಕೆಳಗಿಟ್ಟಳು.

"ಸರಿ, ನಾನೇ ಹೇಳ್ತೀನಿ. ರಿಲೀಸ್."

"ನೀನು ಆಟದಲ್ಲೇ ಇಲ್ವಲ್ಲ," ಎಂದಳು ಬಟಾಣಿ, ಕನಿಕರದಿಂದ.

ಭಾನುವಾರ ಎರಡು ಬಸ್ಸು ಬದಲಾಯಿಸಿ ಇಬ್ಬರೂ ಕಡ್ಡಿಯ ಮನೆಗೆ ಹೋದರು. ಮೂರನೇ ಮಹಡಿ. ಬಾಗಿಲು ತೆಗೆದ ಕಡ್ಡಿ ನಾಲ್ಕು ಬೆರಳು ಬೆಳೆದಿದ್ದಳು, ದನಿ ಬೇರೆಯಾಗಿತ್ತು.

"ಅಯ್ಯೋ ಬಟಾಣಿ, ನೀನಿನ್ನೂ ಹಾಗೇ ಇದೀಯಲ್ಲೇ! ನಿಮ್ಮಮ್ಮ ಊಟ ಹಾಕಲ್ವಾ?"

ತಾಯಿ ನಾಚಿಕೆ ಬಿಟ್ಟು ವಿಷಯ ಹೇಳಿದಳು. ಕಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದಾ? ರಿಲೀಸ್, ರಿಲೀಸ್! ಹತ್ತು ಸಲ ರಿಲೀಸ್!"

ಏನೂ ಆಗಲಿಲ್ಲ. "ಅವಳು ಆಟ ಬಿಟ್ಟಿದಾಳೆ," ಎಂದಳು ಬಟಾಣಿ. "ಬಿಟ್ಟೋರು ಹೇಳಿದ್ರೆ ನಡಿಯಲ್ಲ."

"ಲೇ ಪೆದ್ದಿ, ನಿಯಮ ಮಾಡಿದ್ದು ನಾವೇ. ನಾವೇ ಬದಲಾಯಿಸಬಹುದು."

"ಹಾಗೆಲ್ಲ ಬದಲಾಯಿಸೋಕಾಗಲ್ಲ."

"ಒಂದೇ ಒಂದು ಸಲ ಬೆರಳು ಕೊಡು ತಾಯಿ," ಎಂದಳು ಬಟಾಣಿಯ ಅಮ್ಮ. "ನಿನ್ನ ದಮ್ಮಯ್ಯ."

ದೊಡ್ಡವರು ಹೀಗೆ ಅಂಗಲಾಚುವುದನ್ನು ಕಡ್ಡಿ ನೋಡಿರಲಿಲ್ಲ. ನಗು ನಿಲ್ಲಿಸಿ ಕಿರುಬೆರಳು ಚಾಚಿದಳು. ಹೆಣೆದಳು. "ಕಟ್ಟಿದೆ. ಸರೀನಾ? ರಿಲೀಸ್."

ಬಟಾಣಿ ಉಸಿರು ಬಿಟ್ಟಳು. ಬಿಡುತ್ತಲೇ ಇದ್ದಳು, ಅಷ್ಟು ಚಿಕ್ಕ ಎದೆಯಲ್ಲಿ ಹಿಡಿಸಲಾರದಷ್ಟು ಹೊತ್ತು. ಆಮೇಲೆ ನಾಲಗೆಯಿಂದ ಒಸಡು ಮುಟ್ಟಿ ನೋಡಿಕೊಂಡಳು. "ಅಮ್ಮಾ, ತುರಿಸ್ತಿದೆ." ಕಣ್ಣು ಪಟಪಟ ಬಡಿಯಿತು.

ಬೆರಳು ಇನ್ನೂ ಹೆಣೆದೇ ಇತ್ತು. ಬಟಾಣಿ ಕತ್ತೆತ್ತಿ ಕಡ್ಡಿಯ ಮುಖ ನೋಡುತ್ತ, ಮೆಲ್ಲಗೆ, "ಸ್ಟ್ಯಾಚು," ಎಂದಳು.

ಕಡ್ಡಿ ನಾಲಗೆ ಚಾಚಿ, ಕೈ ಮೇಲೆತ್ತಿ ಎರಡು ಕ್ಷಣ ನಿಂತಳು. "ಸಾಕಾ?" ಎಂದು ಕೈ ಇಳಿಸಿದಳು. ಎದೆ ಉಜ್ಜಿಕೊಂಡಳು. "ಏನೋ ಒಂಥರಾ ಆಯ್ತಪ್ಪ."

ಅಡುಗೆಮನೆಯಿಂದ ಅವಳ ತಾಯಿ ಟೀ ಹಿಡಿದು ಬಂದಳು. "ಹೇಗೂ ಬಂದಿದ್ದೀರಿ, ಇವಳ ಕೂದಲಿಗೊಂದು ಕತ್ತರಿ ಹಾಕಿ ಹೋಗಿ. ಹಾಳು ಕಳೆ ಬೆಳೆದ ಹಾಗೆ ಬೆಳೆಯುತ್ತೆ."

ಬಟಾಣಿಯ ತಾಯಿಯ ಕೈ ಅಭ್ಯಾಸಬಲದಿಂದ ಚೀಲಕ್ಕೆ ಹೋಯಿತು. ಅಲ್ಲೇ ನಿಂತಿತು. "ಬೇಡ ಬಿಡಿ. ಇಷ್ಟುದ್ದ ಇರ್ಲಿ. ಲಕ್ಷಣವಾಗಿ ಕಾಣ್ತಾಳೆ."

"ಕತ್ತರಿ ಹಿಡಿಯೋರೇ ಹೀಗಂದ್ರೆ!"

ಟೀ ಕುಡಿದದ್ದು ನಾಲಗೆಗೆ ಗೊತ್ತಾಗಲಿಲ್ಲ. ಕೆಳಗಿಳಿಯುವಾಗ ಎರಡನೇ ಮಹಡಿಯ ತಿರುವಿನಲ್ಲಿ ತಾಯಿ ಮಗಳ ಭುಜ ಹಿಡಿದಳು. "ವಾಪಸ್ ನಡಿ. ಬಿಡಿಸು ಅವಳನ್ನ."

"ಬಿಡಿಸ್ತೀನಿ. ಆಮೇಲೆ ಅವಳು ನಂಗೆ ಸ್ಟ್ಯಾಚು ಹೇಳಿದ್ರೆ?"

"ಹೇಳಲ್ಲ ಕಣೇ."

"ತಮಾಷೆಗೆ ಹೇಳ್ತಾಳೆ. ಹೇಳಿ ಮರೀತಾಳೆ. ಆವತ್ತೂ ಹಾಗೇ ಮಾಡಿದ್ದು." ಬಟಾಣಿ ಇನ್ನೊಂದು ಮೆಟ್ಟಿಲು ಇಳಿದಳು. "ಅವಳು ಆಟ ಅಂದುಕೊಂಡಿದಾಳೆ ಅಂತ ನಂಗೆ ಗೊತ್ತು. ನಂಗೆ ಗೊತ್ತು ಅಂತ ಅವಳಿಗೆ ಗೊತ್ತಿಲ್ಲ."

ಬೆಳಿಗ್ಗೆ ಬಸ್ಸು ಹತ್ತಿದ ಮಗುವಿಗೆ ಇಂಥ ಮಾತು ಬರುತ್ತಿರಲಿಲ್ಲ. ತಾಯಿ ಮೇಲೆ ಹೋಗುವ ಮೆಟ್ಟಿಲು ನೋಡಿದಳು. ಒಂದು ಮೆಟ್ಟಿಲು ಹತ್ತಿಯೂ ಹತ್ತಿದಳು.

ಕಡ್ಡಿ ಕಂಬಿಯಿಂದ ಬಗ್ಗಿ ಕೂಗಿದಳು: "ಬಟಾಣೀ, ಮುಂದಿನ ವಾರಾನೂ ಬಾರೇ!"

"ಬರ್ತಾಳೆ ಕಣಮ್ಮ, ಬರ್ತಾಳೆ," ಎಂದಳು ತಾಯಿ. ಕಡ್ಡಿ ಇನ್ನೇನಾದರೂ ಕೂಗುವ ಮೊದಲೇ ಎರಡೂ ಅಂಗೈಗಳಿಂದ ಮಗಳ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ, ಹಾಗೆಯೇ ಮುಂದೆ ತಳ್ಳಿಕೊಂಡು, ಬೀದಿಗೆ ಇಳಿದಳು.