ಗಾಳಿ ಬಾರದ ಒಂಬತ್ತನೇ ತಿಂಗಳು

ಶರದೃತುವಿನಲ್ಲಿ, ಚಾಂದ್ರಮಾನದ ಒಂಬತ್ತನೇ ತಿಂಗಳ ಮೊದಲ ದಿನ, ಕೋಳಿ ಕೂಗುವ ಹೊತ್ತಿಗೆ ಶಿನ್‌ಚು ಪಟ್ಟಣದ ಶಾವಿಗೆ ಕೇರಿಯವರೆಲ್ಲ ಎದ್ದು ಅಂಗಳಕ್ಕೆ ಬಂದು ನಿಂತರು. ಗಾಳಿ ಇರಲಿಲ್ಲ. ಜಪಾನಿನವರು ಆ ದ್ವೀಪ ಬಿಟ್ಟುಹೋದ ಆರನೇ ವರ್ಷ ಅದು. ಆ ಪಟ್ಟಣವನ್ನು ಜನ ಗಾಳಿಯೂರು ಎಂದೇ ಕರೆಯುವುದು. ಒಂಬತ್ತನೇ ತಿಂಗಳು ಹುಟ್ಟಿತೆಂದರೆ ಈಶಾನ್ಯದ ಗಾಳಿಗೆ ಹಂಚು ಹಾರುತ್ತದೆ, ಹೆಂಗಸರು ತಲೆಗೆ ಬಟ್ಟೆ ಬಿಗಿದೇ ಬೀದಿಗಿಳಿಯುತ್ತಾರೆ. ಆ ವರ್ಷ ಮಾತ್ರ ಬಾಳೆ ಎಲೆಯೂ ಅಲುಗಲಿಲ್ಲ.

ಅಕ್ಕಿ ಶಾವಿಗೆಗೆ ಬೇಕಾದ್ದು ಮೂರು ಪಾಲು ಬಿಸಿಲು, ಏಳು ಪಾಲು ಗಾಳಿ. ಬರೀ ಬಿಸಿಲಿಗಿಟ್ಟರೆ ಮೇಲೆ ಗರಿಗರಿ, ಒಳಗೆ ಹುಳಿ. ಹಾಗಾಗಿ ಕೇರಿಯವರು ಕೈಕಟ್ಟಿ ಕೂತರು.

ಬೀಲಿಯೆನ್‌ಗೆ ಕೂರುವಂತಿರಲಿಲ್ಲ. ಬೇಸಿಗೆಯಲ್ಲಿ ಗಂಡ ಜ್ವರದಿಂದ ತೀರಿಕೊಂಡಿದ್ದ. ಒಣಗಿಸುವ ಬಯಲಿನಲ್ಲಿ ಗಾಳಿಗೆ ಎದುರಾಗಿ ತಟ್ಟಿ ನಿಲ್ಲಿಸುವ ಮೊದಲ ಸಾಲು ಅವನ ಮನೆಯದು. ಯಜಮಾನ ಸತ್ತ ಮನೆಯವರು ಆ ವರ್ಷ ಒಂಬತ್ತನೇ ತಾರೀಖು ಕೇರಿಯ ಹಿರಿಯರಿಗೆ ಬಡಿಸುವ ಊಟಕ್ಕೆ ತಮ್ಮ ಕೈಯ ಹೊಸ ಶಾವಿಗೆ ತಂದಿಡಬೇಕು. ಇಡದಿದ್ದರೆ ಸಾಲು ಗಂಡನ ಅಣ್ಣತಮ್ಮಂದಿರಿಗೆ. ಕೇರಿಯ ಕಟ್ಟಳೆ ಹಾಗಿತ್ತು. ಸಾಲು ಹೋದರೆ ಅವಳೂ ಅವಳ ಎರಡು ಹೆಣ್ಣುಮಕ್ಕಳೂ ಇನ್ನೊಬ್ಬರ ಮನೆಯಲ್ಲಿ ಹಿಟ್ಟು ನಾದಬೇಕು.

ಐದನೆಯ ದಿನ ಗಂಡನ ಅಣ್ಣ ತಿಯಾಮ್‌ಹೊಕ್ ತನ್ನ ಬಿದಿರ ತಟ್ಟಿಗಳನ್ನು ತಂದು ಅವಳ ಸಾಲಿನಲ್ಲಿ ಜೋಡಿಸತೊಡಗಿದ.

"ಏನ್ ಭಾವ, ಒಂಬತ್ತಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ?"

"ಗಾಳಿ ಬಂದ್ಮೇಲೆ ತಟ್ಟಿ ಹೊತ್ಕೊಂಡು ಓಡೋಕಾಗತ್ತೇನಮ್ಮಾ? ನೀನೊಬ್ಳೇ ಕಲ್ಲು ಬೀಸ್ತೀಯೋ, ಶಾವಿಗೆ ಒತ್ತೀಯೋ, ತಟ್ಟಿ ತಿರುಗಿಸ್ತೀಯೋ? ನಮ್ಮನೇಗೆ ಬಾ. ಊಟಕ್ಕೇನ್ ಕಡ್ಮೆ ಮಾಡಲ್ಲ."

"ಹುಷಾರಾಗಿ ಇಡಿ ಭಾವ. ವಾಪಸ್ ಹೊರಬೇಕಾಗತ್ತೆ."

ಅವನು ನಕ್ಕ. ನಾಳೆಯಾದರೂ ಗಾಳಿ ಬಂದೇ ಬರುತ್ತದೆಂದು ಅವನಿಗೆ ಗಟ್ಟಿ ನಂಬಿಕೆ. ಹುಟ್ಟಿದಾಗಿನಿಂದ ಅದು ಪೂರಾ ತಪ್ಪಿದ್ದನ್ನು ಕಂಡವನಲ್ಲ. ಅಂದೇ ಮೂರು ಮೂಟೆ ಅಕ್ಕಿ ನೆನೆಹಾಕಿದ.

ಬೀಲಿಯೆನ್ ಯೋಚಿಸಿದಳು: ಗಾಳಿ ಕೆಳಗೆ ಬಾರದಿದ್ದರೆ ಮೇಲೆ ಇದ್ದೀತು. ಏಳನೇ ತಾರೀಖು ಬೆಳಗ್ಗೆ ಒತ್ತಿ ಬೇಯಿಸಿದ ಶಾವಿಗೆಯನ್ನು ಬುಟ್ಟಿಗೆ ತುಂಬಿ, ಹೆಗಲ ಅಡ್ಡೆಗೆ ತಟ್ಟಿಗಳನ್ನು ಕಟ್ಟಿ, ಊರ ಹಿಂದಿನ ಗುಡ್ಡದ ದಾರಿ ಹಿಡಿದಳು.

"ಎಲ್ಲಿಗಮ್ಮಾ, ಗಾಳಿಗೆ ಹೆಣ್ಣು ಕೊಡೋಕೆ ಹೊರಟ್ಯಾ?" ಎಂದ ಪಕ್ಕದ ಮನೆಯ ಮುದುಕ.

"ಹೂಂ ತಾತ. ಒಪ್ಪಿದ್ರೆ ನಿಮ್ಮನ್ನೂ ಕರೀತೀನಿ ಊಟಕ್ಕೆ."

ಗುಡ್ಡದ ನೆತ್ತಿಯ ಮೇಲೆ ಗಾಳಿ ಇತ್ತು, ಕೆನ್ನೆಗೆ ತಾಗುವಷ್ಟು. ಅವಳು ತಟ್ಟಿಗಳನ್ನು ರೂಢಿಯಂತೆ ಈಶಾನ್ಯಕ್ಕೆ ವಾಲಿಸಿ ನಿಲ್ಲಿಸಿದಳು. ಅಲ್ಲೇ ಕೆಟ್ಟಿತು. ಕೈಗೆ ಬಯಲಿನ ಅಭ್ಯಾಸ. ಗುಡ್ಡದ ಗಾಳಿಗೆ ಅದು ಗೊತ್ತಿಲ್ಲ. ಬೆಳಗ್ಗೆ ಕಣಿವೆಯಿಂದ ಬಂತು, ಮಧ್ಯಾಹ್ನ ಸಮುದ್ರದ ಕಡೆಯಿಂದ. ಇಳಿಹೊತ್ತಿಗೆ ಶಾವಿಗೆ ಬಿದಿರಿಗೆ ಅಂಟಿ ಮುದ್ದೆಯಾಗಿತ್ತು. ಅಷ್ಟನ್ನೂ ಕೆರೆದು ಹಂದಿಗೆ ಹಾಕಿದಳು. ಅಳಲಿಲ್ಲ. ಅಕ್ಕಿ ನೆನೆಹಾಕಿದಳು.

ಎಂಟರಂದು ಹೊರಡುವಾಗ ಸೊಂಟಕ್ಕೆ ಒಂದು ಕಟ್ಟು ಊದುಬತ್ತಿ ಸಿಕ್ಕಿಸಿಕೊಂಡಳು. ಗುಡ್ಡದ ಮೇಲೆ ಒಂದನ್ನು ಹಚ್ಚಿ ನೆಟ್ಟು ಹೊಗೆ ನೋಡಿದಳು. ಹೊಗೆ ಯಾವ ಕಡೆಗೆ ಬಾಗಿತೋ ಅದರ ಎದುರಿಗೆ ತಟ್ಟಿಗಳ ಮುಖ ತಿರುಗಿಸಿದಳು. ಬತ್ತಿ ಮುಗಿದಾಗ ಇನ್ನೊಂದು. ಸಮುದ್ರದ ಕಡೆಯಿಂದ ತೇವದ ಗಾಳಿ ಬಂದಾಗ ತಟ್ಟಿಗಳಿಗೆ ಚಾಪೆ ಹೊದಿಸಿ ಕಾದಳು. ಅದು ತಿರುಗಿದಾಗ ಚಾಪೆ ತೆಗೆದಳು. ಕೂತು ಉಂಡಿದ್ದೇ ಇಲ್ಲ. ಸಿಹಿಗೆಣಸನ್ನು ನಿಂತೇ ತಿಂದಳು. ಹೊತ್ತು ಮುಳುಗುವ ಮುಂಚೆ ಒಂದು ಎಳೆ ಮುರಿದು ನೋಡಿದಳು. ಟಕ್ಕೆಂದಿತು.

ಕೆಳಗೆ ತಿಯಾಮ್‌ಹೊಕ್‌ನ ಮೂರು ಮೂಟೆಯೂ ಹುಳಿತು ಬಾತುಗಳ ಪಾಲಾಗಿತ್ತು.

ಒಂಬತ್ತರ ಮಧ್ಯಾಹ್ನ ಕೇರಿಯ ಹಿರಿಯರು ಒಟ್ಟಿಗೆ ಕೂತರು. ಬೀಲಿಯೆನ್ ಶಾವಿಗೆಯನ್ನು ಒಣ ಸೀಗಡಿ, ಈರುಳ್ಳಿ ಹಾಕಿ ಹುರಿದು ತಂದಿಟ್ಟಳು. ಕೂತವರಲ್ಲಿ ಎಲ್ಲರಿಗಿಂತ ಹಿರಿಯಳು ಅವಳ ಅತ್ತೆಯೇ, ದೊಡ್ಡ ಮಗ ತಿಯಾಮ್‌ಹೊಕ್‌ನ ಮನೆಯಲ್ಲಿ ಇದ್ದವಳು. ತಿಯಾಮ್‌ಹೊಕ್ ಎದ್ದು ನಿಂತ.

"ಇದು ಗುಡ್ಡದ ಶಾವಿಗೆ. ಬಯಲಲ್ಲಿ ಒಣಗಿದ್ದಲ್ಲ. ಲೆಕ್ಕಕ್ಕೆ ಬರಲ್ಲ."

ಮುದುಕಿ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು.

"ಹುಳಿ ಇಲ್ಲ. ಮುದ್ದೆಯಾಗಿಲ್ಲ," ಎಂದಳು. "ಬಯಲಲ್ಲಿ ಒಣಗಿದ್ದು ನಿಂದೆಲ್ಲಿ ಮಗಾ? ತಾ, ಅದನ್ನೂ ತಿಂತೀನಿ."

ಯಾರೋ ನಕ್ಕುಬಿಟ್ಟರು.

"ಅಮ್ಮಾ, ಅವಳೊಬ್ಳು ಹೆಂಗಸು, ಎಷ್ಟು ವರ್ಷ ಅಂತ..."

"ಕಟ್ಟಳೇಲಿ ಹೊಸ ಶಾವಿಗೆ ಅಂತಷ್ಟೇ ಹೇಳಿದ್ದು. ಎಲ್ಲಿ ಒಣಗಿಸ್ಬೇಕು ಅಂತ ಯಾರೂ ಹೇಳಿಲ್ಲ. ಕೂತ್ಕೋ, ಆರಿಹೋಗತ್ತೆ." ಬಟ್ಟಲನ್ನು ಸೊಸೆಯತ್ತ ಚಾಚಿದಳು. "ಇನ್ನೊಂದಿಷ್ಟು ಹಾಕೇ. ಇನ್ಮೇಲೆ ಉಪ್ಪು ಕಡ್ಮೆ ಮಾಡು."

"ಆಗ್ಲಿ ಅತ್ತೇ," ಎಂದಳು ಬೀಲಿಯೆನ್. ಬಟ್ಟಲು ತುಂಬ ಬಡಿಸಿದಳು.

ಮರುದಿನ ಬೆಳಕು ಹರಿಯುವ ಮುನ್ನ ಗಾಳಿ ಬಂತು, ಒಂಬತ್ತು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ಹೊತ್ತುಕೊಂಡು ಬಂದಂತೆ. ಬೀಲಿಯೆನ್ ತಲೆಗೆ ಬಟ್ಟೆ ಬಿಗಿದು, ತಟ್ಟಿ ಹೊತ್ತು ಬಯಲಿಗೆ ಹೋದಳು. ಭಾವ ಮೊದಲ ಸಾಲಿನಿಂದ ತನ್ನವನ್ನು ಕಿತ್ತು ಅಡ್ಡೆಗೆ ಕಟ್ಟುತ್ತಿದ್ದ. ಅವಳು ಹಗ್ಗದ ಇನ್ನೊಂದು ತುದಿ ಹಿಡಿದುಕೊಟ್ಟಳು. ಆ ಗಾಳಿಯಲ್ಲಿ ಮಾತಾಡಿದ್ದರೂ ಕೇಳಿಸುತ್ತಿರಲಿಲ್ಲ. ಒಂಬತ್ತನೇ ತಿಂಗಳ ಹತ್ತರಂದು ತಿಯಾಮ್‌ಹೊಕ್ ಮೊದಲ ಸಾಲು ಬಿಟ್ಟು ಹೋದ.