ಗಂಟು ಯಾರಿಗೆ?

ಈ ಕ್ಯಾನ್ಸರ್ ಸಹಾಯವಾಣಿಗೆ ಸೇರುವ ಮೊದಲು ಆಕೆ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ದೂರು ಕೇಳುವ ಕೆಲಸದಲ್ಲಿದ್ದಳು. ಆಗ ಅಂಟಿಕೊಂಡ ‘ಹಲೋ ಅಕ್ಕ’ ಅನ್ನೋ ಹೆಸರು ಇಲ್ಲಿಗೂ ಬಂತು. ಕ್ಯಾನ್ಸರ್ ಬಗ್ಗೆ ವಿಚಾರಿಸಲು ಜನ ಫೋನ್ ಮಾಡುತ್ತಿದ್ದರು. ಸಿಗರೇಟು ಬಿಡಬೇಕು ಅಂದವರನ್ನು ಒಂದು ಕಡೆಗೆ, ವಾಸಿಯಾಗದ ಬಾಯಿಹುಣ್ಣಿನವರನ್ನು ಇನ್ನೊಂದು ಕಡೆಗೆ ಕಳಿಸಬೇಕು. ತಪಾಸಣೆಗೆ ದಿನ ಗೊತ್ತುಮಾಡಿಕೊಡಬೇಕು. ಕೆಲಸ ಇಷ್ಟೇ.

ಆ ಬೆಳಗ್ಗೆ ಫೋನ್ ಮಾಡಿದವನು ಒಬ್ಬ ಬಸ್ ಡ್ರೈವರ್. ಡಿಪೋದಿಂದಲೇ ಮಾತಾಡುತ್ತಿದ್ದ, ಹಿಂದೆ ಬಸ್ಸುಗಳ ಗುರುಗುರು ಕೇಳುತ್ತಿತ್ತು.

“ನನ್ನ ಹೆಂಡ್ತಿಗೆ ಎದೇಲಿ ಗಂಟಾಗಿದೆ ಮೇಡಂ.”

“ಯಾವಾಗಿಂದ ಸರ್?”

“ಬೇಸಿಗೆಯಿಂದ. ಬೆಲ್ಟ್ ಹಾಕ್ಕೊಂಡ್ರೆ ಒತ್ತುತ್ತೆ. ಸೀಟ್ ಬೆಲ್ಟು.”

“ಅವರು ಗಾಡಿ ಓಡಿಸ್ತಾರಾ?”

“ಅವಳಾ? ಅವಳಿಗೆ ಸೈಕಲ್ಲೂ ಬರಲ್ಲ.”

ಹಲೋ ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಹೋಗಲಿ ಅಂತ ಮುಂದಿನ ಪ್ರಶ್ನೆಗೆ ಬಂದಳು. “ಮನೇಲಿ ಬೇರೆ ಯಾರಿಗಾದ್ರೂ ಈ ಕಾಯಿಲೆ ಇತ್ತಾ?”

“ನಮ್ಮಮ್ಮ ಇದರಲ್ಲೇ ಹೋದ್ರು.”

“ನಿಮ್ಮಮ್ಮ ಅಲ್ಲ ಸರ್, ನಿಮ್ಮ ಅತ್ತೆ ಕಡೆ ಕೇಳಿದ್ದು.”

“ನಮ್ಮತ್ತೆಗಾ? ಅವರಿಗೇನಾಗುತ್ತೆ, ಗುಂಡುಕಲ್ಲಿನ ಹಾಗಿದಾರೆ.”

“ಸ್ವಲ್ಪ ನಿಮ್ಮ ಹೆಂಡ್ತಿ ಜೊತೆಗೇ ಮಾತಾಡಿಸ್ತೀರಾ?”

“ಅವಳಿಗೆ ನಾಚಿಕೆ ಜಾಸ್ತಿ ಮೇಡಂ. ನನಗೇ ಹೇಳಿ. ಏನು ಕೊಡ್ತಾರೆ? ಮುಲಾಮಾ?”

“ನೋಡದೆ ಹೇಳಕ್ಕಾಗಲ್ಲ. ಕರ್ಕೊಂಡು ಬನ್ನಿ.”

“ಆಯ್ತು, ಕರ್ಕೊಂಡು ಬರ್ತೀನಿ” ಅಂದ ಅವನು. ಹಲೋ ಅಕ್ಕ ಗುರುವಾರಕ್ಕೆ ಗೊತ್ತುಮಾಡಿದಳು.

ಗುರುವಾರ ಊಟದ ಹೊತ್ತಿಗೆ ತಪಾಸಣಾ ಕೇಂದ್ರದ ನರ್ಸಮ್ಮನ ಫೋನ್ ಬಂತು.

“ಹಲೋ ಅಕ್ಕಾ, ಯಾರನ್ನ ಕಳಿಸಿದೀಯೇ? ಈಯಮ್ಮನಿಗೆ ತಾನು ಯಾಕೆ ಬಂದಿದೀನಿ ಅಂತಲೇ ಗೊತ್ತಿಲ್ಲ. ಡಾಕ್ಟ್ರು ನೋಡಿದ್ದಾಯ್ತು, ಎಕ್ಸ್‌ರೇ ತೆಗೆದಿದ್ದಾಯ್ತು. ಗಂಟೂ ಇಲ್ಲ ಗಿಂಟೂ ಇಲ್ಲ.”

ಹಲೋ ಅಕ್ಕ ಗಡಿಬಿಡಿಯಲ್ಲಿ ರಿಜಿಸ್ಟರ್ ತೆಗೆದು ನೋಡಿದಳು. ಒಬ್ಬರ ಬದಲು ಇನ್ನೊಬ್ಬರನ್ನು ಕಳಿಸಿಬಿಟ್ಟೆನಾ? ನಿಜವಾಗಿ ಗಂಟಿರೋ ಹೆಂಗಸು ಮನೆಯಲ್ಲೇ ಕೂತಿದಾಳಾ? ಅಷ್ಟರಲ್ಲಿ ಆ ಹೆಂಗಸೇ ಫೋನ್ ತಗೊಂಡಳು.

“ಮೇಡಂ, ನಮ್ಮನೆಯವರು ನಿಮಗೆ ಏನು ಹೇಳಿದ್ರು? ನಿಜ ಹೇಳಿ. ನನಗೇನೋ ಆಗಿದೆ, ಇವರು ಮುಚ್ಚಿಡ್ತಿದಾರೆ. ಮದುವೆಯಾದಾಗಿಂದ ಒಂದು ಲೋಟ ತೊಳೆದವರಲ್ಲ, ಈಗ ದಿನಾ ಪಾತ್ರೆ ತೊಳೀತಾರೆ! ನೀನು ನೂರು ವರ್ಷ ಬದುಕಬೇಕು ಅಂತಾರೆ. ಯಾರಾದ್ರೂ ಸುಮ್ಸುಮ್ನೆ ಹಾಗಂತಾರಾ? ಗಂಟಿದೆ ಅಂತ ಅವರು ಹೇಳಿದ್ರಂತೆ, ಇಲ್ಲ ಅಂತ ಈ ಡಾಕ್ಟ್ರು. ನನ್ನ ಮೈ ಬಗ್ಗೆ ನನಗೊಬ್ಬಳಿಗೇ ಗೊತ್ತಿಲ್ವಾ?”

“ಅವರೆಲ್ಲಿ ಈಗ?”

“ಹೊರಗೆ ಬೆಂಚ್ ಮೇಲಿದಾರೆ. ಬನ್ರೀ ಅಂದ್ರೆ ಹೆಂಗಸರ ಜಾಗ, ನಾನ್ ಬರಲ್ಲ ಅಂತಾರೆ.”

ಸೀಟ್ ಬೆಲ್ಟು. ಅವನಮ್ಮ. ಎರಡೂ ಒಟ್ಟಿಗೆ ಹೊಳೆದವು. ಆದರೂ ಹಲೋ ಅಕ್ಕನಿಗೆ ನಂಬಿಕೆ ಬರಲಿಲ್ಲ. ಇಷ್ಟು ಸಮಯ ಹೆಂಗಸರ ಜೊತೆ ಮಾತಾಡಿ ಮಾತಾಡಿ, ಗಂಡಸರಿಗೂ ಇದು ಬರಬಹುದು ಅಂತ ಟ್ರೇನಿಂಗಿನಲ್ಲಿ ಕೇಳಿದ ಮಾತು ಎಲ್ಲೋ ಮೂಲೆ ಸೇರಿತ್ತು.

“ನರ್ಸಮ್ಮಾ, ಆ ಬೆಂಚಿನವರಿಗೆ ಸ್ವಲ್ಪ ಫೋನ್ ಕೊಡಿ.”

ಚಪ್ಪಲಿ ಸದ್ದು, ಬಾಗಿಲ ಸದ್ದು, ಆಮೇಲೆ ಅವನ ಉಸಿರು.

“ಸರ್, ಗಂಟು ಯಾರಿಗೆ?”

“ಗಂಡಸರಿಗೂ ಬರುತ್ತಾ ಮೇಡಂ?”

“ಅಪರೂಪಕ್ಕೆ ಬರುತ್ತೆ. ನಿಮಗಿರೋದು ಅದೇ ಅಂತ ನಾನು ಹೇಳ್ತಿಲ್ಲ. ಆದ್ರೆ ತೋರಿಸ್ಲೇಬೇಕು.”

“ಡಿಪೋದಲ್ಲಿ ಗೊತ್ತಾದ್ರೆ ಆಡ್ಕೊಂಡು ನಗ್ತಾರೆ. ಅದಕ್ಕೇ ಇವಳನ್ನ ಕರ್ಕೊಂಡು ಬಂದೆ. ಇವಳಿಗೆ ಏನು ಔಷಧಿ ಕೊಡ್ತಾರೋ ನಾನೂ ಅದನ್ನೇ ತಗೊಳ್ಳೋಣ ಅಂತ.”

“ಅವರಿಗೆ ಗಂಟೇ ಇಲ್ವಲ್ಲ ಸರ್! ಔಷಧಿ ಯಾಕೆ ಕೊಡ್ತಾರೆ?”

“ಹೌದಲ್ವಾ!” ಅಂದ ಅವನು, ಆಗ ತಾನೇ ಹೊಳೆದವನಂತೆ.

ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು. “ಏನ್ರೀ ಅದು? ಯಾರಿಗ್ರೀ?” “ನನಗೇ ಕಣೇ,” ಅಂದ ಅವನು. ಕೊನೆಗೆ ನರ್ಸಮ್ಮ “ಬನ್ನಿ ಸರ್, ಡಾಕ್ಟ್ರು ಇನ್ನೂ ಇದಾರೆ” ಅಂದದ್ದು ಕೇಳಿ ಲೈನ್ ಕಟ್ಟಾಯಿತು.

ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ಅದು ಕ್ಯಾನ್ಸರೇ ಅಂತ ಗೊತ್ತಾಯಿತು. ಚಿಕ್ಕದಿತ್ತು, ಹರಡಿರಲಿಲ್ಲ. ಆಪರೇಷನ್ ಮಾಡಿ ತೆಗೆದರು. ಇನ್ನು ಕೆಲವು ವರ್ಷ ಮಾತ್ರೆ ನುಂಗುತ್ತಿರಬೇಕು, ಆಗಾಗ ಬಂದು ತೋರಿಸುತ್ತಿರಬೇಕು ಅಂದರು. ಗಾಯ ಮಾಯ್ದ ಮೇಲೆ ಅವನು ಮತ್ತೆ ಬಸ್ ಹತ್ತಿದ. ಇದನ್ನೆಲ್ಲ ತಿಳಿಸೋಕೆ ಹೆಂಡತಿಯೇ ಒಂದು ಮಧ್ಯಾಹ್ನ ಫೋನ್ ಮಾಡಿದಳು.

“ಡಿಪೋದಲ್ಲಿ ಅವರೇ ಹೇಳ್ಕೊಂಡ್ರಂತೆ. ಒಬ್ಬ ನಕ್ಕನಂತೆ. ಉಳಿದವರೆಲ್ಲ ಶರ್ಟೊಳಗೆ ಕೈ ಹಾಕಿ ನೋಡ್ಕೊಂಡ್ರಂತೆ.”

ಇಬ್ಬರೂ ನಕ್ಕರು. ಆದರೆ ಅವಳು ಫೋನಿಡಲಿಲ್ಲ.

“ಮೇಡಂ, ಒಂದು ಕೇಳ್ಲಾ? ಆ ದಿನ ಕಾಯಿಲೆ ಅವರಿಗೆ ಅಂತ ಗೊತ್ತಾಯ್ತಲ್ಲ, ಆಗ ಒಂದು ಗಳಿಗೆ ನನ್ನ ಮನಸ್ಸು ಹಗುರಾಯ್ತು. ಸದ್ಯ, ನನಗಲ್ವಲ್ಲ ಅಂತ. ಆಮೇಲೆ ಅವರ ಮುಖ ನೋಡಿದೆ. ಆಪರೇಷನ್ ದಿನ ಅಷ್ಟು ಅತ್ನಲ್ಲ, ಅದು ಅವರಿಗೋಸ್ಕರವಾ, ಹಾಗೆ ಅಂದ್ಕೊಂಡುಬಿಟ್ನಲ್ಲ ಅನ್ನೋದಕ್ಕಾ ಅಂತ ನನಗೇ ಗೊತ್ತಾಗ್ತಿಲ್ಲ. ಅವರಿಗೆ ಹೇಳ್ಬೇಕಾ?”

ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಅಂತ ಎಲ್ಲರಿಗೂ ಥಟ್ಟನೆ ಹೇಳುತ್ತಿದ್ದವಳು ಹಲೋ ಅಕ್ಕ.

“ಗೊತ್ತಿಲ್ಲಮ್ಮ,” ಅಂದಳು. “ನಿಜವಾಗ್ಲೂ ಗೊತ್ತಿಲ್ಲ.”

“ಹೂಂ,” ಅಂದಳು ಅವಳು. “ನನಗೂ.”