ಗುಡ್ಡೆಗೆ ಬಾಕಿ ಇದ್ದ ಮುಯ್ಯಿ

"ಇನ್ನೊಮ್ಮೆ ಆ ಮಂಗಗಳು ಬರ್ಲಿ, ಕಕ್ಕಿಂಜೆಯ ಭಾವನ ಕೋವಿ ತರ್ತೇನೆ. ಒಂದನ್ನು ಹೊಡೆದು ಹಾಕಿದ್ರೆ ಉಳಿದದ್ದು ಈ ಕಡೆ ತಲೆ ಹಾಕ್ಲಿಕ್ಕಿಲ್ಲ!"

ಮಡಂತ್ಯಾರಿನ ಹತ್ತಿರ, ಗುಡ್ಡೆಯ ಬುಡದಲ್ಲಿ ಮನೆ ಮಾಡಿದ್ದ ಸಂಕಪ್ಪ ಕೂಗಾಡುತ್ತಿದ್ದ. ಮುಳ್ಳುಸೌತೆಯ ಚಪ್ಪರ ನೆಲಕ್ಕೊರಗಿತ್ತು. ಅವನ ಹೆಂಡತಿ ಸರಸ, ಮಂಗಗಳು ಅರ್ಧ ಕಚ್ಚಿ ಬಿಸಾಡಿದ ಮಿಡಿಗಳನ್ನು ಹೆಕ್ಕುತ್ತಿದ್ದಳು. ತುಂಬು ಬಸುರಿ, ಬಗ್ಗುವುದೇ ಕಷ್ಟ.

"ಹೊಟ್ಟೆಯಲ್ಲಿ ಮಗು ಇರುವಾಗ ಮನೆಯ ಗಂಡಸು ಜೀವ ತೆಗೀಬಾರ್ದು," ಎಂದಳು ಮೆಲ್ಲನೆ.

"ಹುಟ್ಟಿದ ಮೇಲೆ ಅದಕ್ಕೆ ಎಂಥ ತಿನ್ನಿಸುವುದು? ಮಂಗ ತಿಂದು ಉಳಿದದ್ದಾ?"

ಸರಸ ಹೆಕ್ಕಿದ ಮಿಡಿಗಳನ್ನು ಸೆರಗಿಗೆ ಹಾಕಿಕೊಂಡಳು. ಆ ಹಿಂಡಿನಲ್ಲಿ ಹೊಟ್ಟೆಗೆ ಮರಿ ಕಚ್ಚಿಕೊಂಡ ತಾಯಿಯೊಂದಿತ್ತು. ಗುಂಡು ಅದಕ್ಕೇ ತಗಲಿದರೆ? ಮಧ್ಯಾಹ್ನ ಚಾಪೆಯ ಮೇಲೆ ಒರಗಿದರೆ ಸಾಕು, ತಾನು ಮದುವೆಯಾಗಿ ಬಂದಾಗಿನ ಗುಡ್ಡೆ ಕಣ್ಣೊಳಗೆ ಬೆಳೆಯುತ್ತಿತ್ತು. ಹಲಸು, ನೇರಳೆ, ಕಾಟುಮಾವು. ಎಲೆ ಯಾವುದು, ಹಕ್ಕಿ ಯಾವುದು ತಿಳಿಯದ ಹಸಿರು. ಎಚ್ಚರಾದರೆ ಎದುರಿಗೆ ಬರೀ ಕೆಂಪು ಮುರಕಲ್ಲಿನ ಬೋಳುಗುಡ್ಡೆ.

ಆ ಸಂಜೆ ಗ್ರಾಮಸೇವಿಕೆ ಪದ್ಮಲತಾ ಕೊಡೆ ಮಡಚುತ್ತಾ ಜಗಲಿ ಹತ್ತಿದಳು. ಮೂಡಬಿದ್ರೆಯವಳು, ಊರಿಗೆಲ್ಲ ಪರಿಚಯ.

"ಗುಡ್ಡೆಯಲ್ಲಿ ಹಣ್ಣಿದ್ದಾಗ ಮಂಗ ನಿಮ್ಮಲ್ಲಿಗೆ ಬಂದದ್ದುಂಟಾ ಸಂಕಪ್ಪಣ್ಣ? ವನಮಹೋತ್ಸವ ಬಂತು. ಆದಿತ್ಯವಾರ ಎಲ್ಲರೂ ಸೇರಿ ಗಿಡ ನೆಡುವ."

"ಅದು ಹಣ್ಣು ಬಿಡುವಾಗ ನನ್ನ ಕೈಗೆ ಊರುಗೋಲು ಬಂದಿರ್ತದೆ!"

"ಹಲಸು, ನೇರಳೆ ತಡವೇ. ಸುಳ್ಳು ಯಾಕೆ ಹೇಳ್ಲಿ? ಆದರೆ ಅತ್ತಿ, ಗೋಳಿ ಮರದ ದಪ್ಪ ಗೆಲ್ಲು ಕಡಿದು ಊರಿದ್ರೆ ಈ ಮಳೆಗೇ ಬೇರು ಬಿಡ್ತದೆ, ಹಣ್ಣೂ ಬೇಗ ಬರ್ತದೆ. ಆಳೆತ್ತರ ಇದ್ರೆ ದನ ಬಾಯಿ ಹಾಕ್ಲಿಕ್ಕಿಲ್ಲ. ಹಣ್ಣು ಬಿಡುವವರೆಗೆ ಮನೆಗೊಬ್ಬರಂತೆ ಸರದಿಯಲ್ಲಿ ಚಪ್ಪರ ಕಾಯುವ. ಡಬ್ಬ ಬಡಿದ್ರೆ ಸಾಕು, ಕೋವಿ ಎಂಥಕ್ಕೆ?"

ಸಂಕಪ್ಪ ನಕ್ಕ. "ಊರವರ ಗದ್ದೆಗೆ ಭತ್ತದ ನೇಜಿ ನೆಡ್ಲಿಕ್ಕೆ ಮುಯ್ಯಿ ಆಳಾಗಿ ಹೋದ್ರೆ ನಾಳೆ ಅವರು ನನ್ನ ಗದ್ದೆಗೆ ಬರ್ತಾರೆ. ಗುಡ್ಡೆಯಲ್ಲಿ ದುಡಿದ್ರೆ ಮುಯ್ಯಿ ತೀರಿಸ್ಲಿಕ್ಕೆ ಯಾರು ಬರುವುದು? ಮಂಗನಾ?"

ಒಳಬಾಗಿಲಲ್ಲಿ ನಿಂತಿದ್ದ ಸರಸ ಹೇಳಿದಳು: "ಮುಯ್ಯಿ ಬಾಕಿ ಇರುವುದು ನಮ್ಮದು. ಹಂಚಿನ ಕಾರ್ಖಾನೆಗೆ ಆ ಗುಡ್ಡೆಯ ಸೌದೆ ಹೋದದ್ದು ಯಾರ ಗಾಡಿಯಲ್ಲಿ?"

ಸಂಕಪ್ಪ ಅಡಿಕೆ ಹಾಳೆಯ ಮುಟ್ಟಾಳೆ ತೆಗೆದು ತಲೆ ಕೆರೆದುಕೊಂಡ. ಜ್ವರ ಬಂದರೂ ಮುಯ್ಯಿ ತಪ್ಪಿಸಿದವನಲ್ಲ ಅವನು.

"ಆದಿತ್ಯವಾರ ಎಷ್ಟು ಗಂಟೆಗೆ?"

ಆದಿತ್ಯವಾರ ಬೆಳಗ್ಗೆ ಮಂಜು. ಊರವರು ಹೆಗಲ ಮೇಲೆ ಗೆಲ್ಲು ಹೊತ್ತು ಹತ್ತುತ್ತಿದ್ದರು. ಆಳು ಕಾಣದು, ಗೆಲ್ಲು ಮಾತ್ರ. ಮರಗಳೇ ದಾರಿ ನೆನಪು ಮಾಡಿಕೊಂಡು ತಮ್ಮ ಗುಡ್ಡೆಗೆ ವಾಪಸು ಹೋಗುತ್ತಿರುವ ಹಾಗೆ ಕಂಡಿತು ಸರಸಳಿಗೆ. ಅವಳೂ ನಿಧಾನಕ್ಕೆ ಹೋಗಿ ಕಲ್ಲಿನ ಮೇಲೆ ಕೂತು, ಹೊಂಡಕ್ಕೊಂದರಂತೆ ಹಲಸಿನ ಬೀಜ ಎತ್ತಿ ಕೊಟ್ಟಳು.

"ಗೆಲ್ಲು ತಲೆಕೆಳಗೆ ನೆಡ್ಬೇಡಿ ಮಾರಾಯ್ರೆ, ಮಂಗ ನೆಗಾಡ್ತದೆ!" ಎಂದ ಮೀನು ಮಾರುವ ಮಹಮ್ಮದ್ ಕುಂಞಿ.

"ನೆಗಾಡ್ಲಿ. ನನ್ನ ಸೌತೆ ಬಿಟ್ರೆ ಸಾಕು!" ಎಂದ ಸಂಕಪ್ಪ.

"ಮತ್ತೆ ಕೋವಿ?" ಸರಸ ಕೇಳಿದಳು.

"ಭಾವನ ಮನೆಯ ಮಾಡಿನಲ್ಲೇ ತುಕ್ಕು ಹಿಡೀಲಿ, ಬಿಡು."

ಈ ಕತೆ ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಗುಡ್ಡೆಯೂ ಬೋಳಾಗಿದೆಯೇ? ಹಲಸಿನ ಬೀಜ, ಕಾಟುಮಾವಿನ ಗೊರಟು ಬಿಸಾಡಬೇಡಿ. ನೆರೆಮನೆಯವರನ್ನೂ ಕರೆದುಕೊಂಡು ಈ ಮಳೆಯಲ್ಲೇ ಹೊರಡಿ. ಮಂಗ, ಹಕ್ಕಿ, ಬಾವಲಿ ತಿನ್ನುವ ಮರಗಳನ್ನೇ ನೆಡಿ. ಬುಡಕ್ಕೆ ಮುಳ್ಳು ಕಟ್ಟಿ. ಕಾಡಿನ ಹೊಟ್ಟೆ ತುಂಬಿದರೆ ನಿಮ್ಮ ಚಪ್ಪರವೂ ಉಳಿಯುತ್ತದೆ.

ಸಂಕಪ್ಪ ಆಗಷ್ಟೇ ಊರಿದ ಬೋಳು ಗೆಲ್ಲಿನ ಮೇಲೆ ಪಿಕಳಾರ ಹಕ್ಕಿಯೊಂದು ಬಂದು ಕೂತು ರೆಕ್ಕೆ ಕೊಡವಿತು. ಅದು ಹಾರಿಹೋದೀತೆಂದು ಅವನು ಎತ್ತಿದ ಹಾರೆಯನ್ನು ಇಳಿಸದೆ ಹಾಗೆಯೇ ನಿಂತ.